ಗಂಟಲಿಗೊಂದು ರಜೆ

"ಹೆಂಡತಿಗೆ ವಿಶ್ರಾಂತಿ ಕೊಡೋದು ಏನು ಮಹಾ ಬ್ರಹ್ಮವಿದ್ಯೆನಾ? ನೋಡ್ತಾ ಇರಿ! ನಾಳೆ ಈ ಮನೇಲಿ ಸೂಜಿ ಬಿದ್ರೂ ಕೇಳಿಸಬೇಕು!"

ಹೀಗೆಂದು ಡ್ರೈವಿಂಗ್ ಸ್ಕೂಲಿನ ಮಾಸ್ತರು ಶನಿವಾರ ಸಂಜೆ ಊಟದ ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಅವರ ತಾಯಿಯ ಮಡಿಲಿಗೇ ಬಿತ್ತು. ಶಾಂತಿಯ ಕಾರ್ಯಕ್ರಮಕ್ಕೆ ಅಷ್ಟು ಚೆನ್ನಾದ ಚಾಲನೆ ಸಿಕ್ಕಿತು!

ಮಾಸ್ತರ ಈ ಭೀಷ್ಮ ಪ್ರತಿಜ್ಞೆಗೆ ಕಾರಣವಿತ್ತು. ಅವರ ಹೆಂಡತಿ ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದಳು. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂದು ಗಾಜಿನ ಕೋಣೆಯಲ್ಲಿ ಕುಳಿತು ದಿನವಿಡೀ ಹೇಳುತ್ತಿದ್ದಳು. ಅವಳ ದನಿಯಲ್ಲಿ ರೈಲು ರದ್ದಾಗಿದೆ ಎಂದರೂ ಏನೋ ಶುಭ ಸಮಾಚಾರ ಕೇಳಿದಂತಾಗುತ್ತಿತ್ತು. ಮದುವೆಗೆ ಮುಂಚೆ ಮಾಸ್ತರು ಒಮ್ಮೆ ಆ ದನಿ ಕೇಳುತ್ತಾ ಬೆಂಚಿನ ಮೇಲೆ ಮೈಮರೆತು, ಅದೇ ದನಿ ಸಾರಿ ಸಾರಿ ಹೇಳುತ್ತಿದ್ದ ತಮ್ಮ ರೈಲನ್ನೇ ತಪ್ಪಿಸಿಕೊಂಡಿದ್ದರು. ಆ ರೈಲಿನ ವಿಷಯದಲ್ಲಿ ಅವರಿಗೆ ಇಂದಿಗೂ ಬೇಸರವಿಲ್ಲ.

ಅಂಥ ದನಿ ಈಗ ಕೆಲವು ವಾರಗಳಿಂದ ಒಡೆದ ಪಾತ್ರೆಯಂತಾಗಿತ್ತು. ಗಂಟಲಿನ ಡಾಕ್ಟರು ಒಳಗೆ ಕನ್ನಡಿ ಇಟ್ಟು ನೋಡಿ ಕೇಳಿದ್ದರು: "ಕೆಲಸದಲ್ಲಿ ಮೈಕ್ ಇರುತ್ತಲ್ಲಮ್ಮ, ಅಲ್ಲಿ ಕೂಗೋ ಅಗತ್ಯ ಇಲ್ಲ. ಮನೇಲಿ ಕೂಗ್ತೀರಾ?"

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಫ್ಯಾನು ನೋಡಿದರು.

"ಸ್ವರತಂತುಗಳು ಊದ್ಕೊಂಡಿವೆ. ಮನಸ್ಸಿನ ಬಿಗಿಯೆಲ್ಲ ಅಲ್ಲಿ ಬಂದು ಕೂತಿದೆ. ನಾಳೆ ಇಡೀ ದಿನ ಒಂದಕ್ಷರ ಆಡಬೇಡಿ, ಪಿಸುಮಾತೂ ಬೇಡ. ಪೂರ್ತಿ ವಿಶ್ರಾಂತಿ. ಸೋಮವಾರ ನೋಡ್ತೀನಿ. ಊತ ಇಳೀತಾ ಬಂದಿದ್ರೆ ಸರಿ. ಇಲ್ಲಾಂದ್ರೆ ಮೈಕಿನ ಕೆಲಸ ಬಿಡೋ ಯೋಚನೆ ಮಾಡಬೇಕಾಗುತ್ತೆ."

ವಾಪಸ್ಸು ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅದು ಮಾಸ್ತರ ಓರೆಗಣ್ಣಿಗೆ ಬಿತ್ತು. ಆಗಲೇ ಅವರು ಹಲ್ಲು ಕಚ್ಚಿ ನಿರ್ಧರಿಸಿದ್ದು.

"ಲೈಟ್ ಕಂಬ ಕಂಡ್ರೆ ನೆಂಟರು ಸಿಕ್ಕಂಗೆ ತಬ್ಬಿಕೊಳ್ಳೋಕೆ ಹೋಗೋರನ್ನೆಲ್ಲ ಪಕ್ಕದಲ್ಲಿ ಕೂರಿಸ್ಕೊಂಡು ತಿದ್ದಿದೀನಿ," ಎಂದರು ಊಟದ ಮೇಜಿನಲ್ಲಿ. "ಒಬ್ಬರ ಮೇಲೂ ದನಿ ಎತ್ತಿದೋನಲ್ಲ. ಈ ಮನೆ ಯಾವ ಲೆಕ್ಕ?"

ಮಾತು ನಿಜವೇ. ಆದರೆ ಕಲಿಸುವ ಕಾರಿನಲ್ಲಿ ಮಾಸ್ತರ ಪಾದದ ಕೆಳಗೂ ಒಂದು ಬ್ರೇಕು ಇರುತ್ತದೆ. ಮನೆಗೆ ಅದನ್ನು ಜೋಡಿಸಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಕಾರ್ಯಾಚರಣೆ ಶುರುವಾಯಿತು. ಹೆಂಡತಿಯನ್ನು ಹಜಾರದ ದೊಡ್ಡ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿ, ಬೆನ್ನಿಗೆ ದಿಂಬು, ಕಾಲಿಗೆ ಸ್ಟೂಲು, ಪಕ್ಕಕ್ಕೆ ಬಿಸಿನೀರಿನ ಫ್ಲಾಸ್ಕು ಇಟ್ಟರು. ಸದ್ದಾಗುತ್ತದೆಂದು ಕರೆಗಂಟೆಯ ತಂತಿ ಕಿತ್ತರು. ಟಿಕ್ ಟಿಕ್ ಎನ್ನುತ್ತದೆಂದು ಗೋಡೆ ಗಡಿಯಾರದ ಸೆಲ್ ತೆಗೆದರು. ಅವಳು ಬೆರಳಿನಿಂದ ಅಂಗೈ ಮೇಲೆ ಬರೆಯುವಂತೆ ಮಾಡಿ ಪೆನ್ನು ಕೇಳಿದಳು.

"ಪೆನ್ನು ಕೊಟ್ರೆ ಕೆಲಸ ಹೇಳ್ತೀಯ. ಕೆಲಸ ಹೇಳೋದೂ ಕೆಲಸಾನೇ ಕಣೇ! ಸುಮ್ನೆ ಕೂತ್ಕೋ," ಎಂದು ಪೆನ್ನು, ಫೋನು ಎರಡನ್ನೂ ಬೀರುವಿಗೆ ಹಾಕಿ ಬೀಗ ಜಡಿದರು.

ಇನ್ನು ಮಗಳನ್ನು ಎಬ್ಬಿಸುವ ಕೆಲಸ. ಮಾಸ್ತರು ಮಂಚದ ಬಳಿ ಬಾಗಿ, ಬೆಣ್ಣೆಯಲ್ಲಿ ಅದ್ದಿದ ದನಿಯಲ್ಲಿ, "ಏಳು ಪುಟ್ಟಿ," ಎಂದರು.

ಪುಟ್ಟಿ ಕಣ್ಣು ಬಿಡಲಿಲ್ಲ. "ಅಪ್ಪಾ, ಇದು ಮೊದಲನೇದಾ, ಮೂರನೇದಾ?"

"ಏನು ಮೂರನೇದು?"

"ಅಮ್ಮ ಮೂರು ಸಲ ಅನೌನ್ಸ್ ಮಾಡ್ತಾಳೆ. ನಾವು ಮೂರನೇದಕ್ಕೆ ಏಳೋದು."

ಪಕ್ಕದ ಮಂಚದಿಂದ ಮಾಸ್ತರ ತಾಯಿಯೂ ಹೊದಿಕೆಯೊಳಗಿಂದಲೇ ದನಿಗೂಡಿಸಿದರು. "ಹೌದಪ್ಪ, ಮೊದಲನೇದು ಬರೀ ಮಾಹಿತಿಗೆ. ನೀನೂ ಹಂಗೇ ತಾನೆ ಸ್ನಾನಕ್ಕೆ ಹೋಗೋದು?"

ಈ ಮನೆಯ ಬಂಡಿ ಓಡುತ್ತಿದ್ದುದೇ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಮೂರು ಸಲ ಕೂಗಿದ ಮೇಲೆಯೇ ಹಾಸಿಗೆ ಮಡಚಿಕೊಳ್ಳುತ್ತಿತ್ತು, ಬಕೆಟ್ಟು ತುಂಬುತ್ತಿತ್ತು, ಚೀಲ ಶಾಲೆಗೆ ಹೊರಡುತ್ತಿತ್ತು. ಮಾಸ್ತರು ಎರಡನೇ ಸಲ ಕೊಂಚ ಜೋರಾಗಿ, ಮೂರನೇ ಸಲ ಇನ್ನೂ ಜೋರಾಗಿ ಕೂಗಿದರು. ಅವರು ಹಾಗೆ ಕೂಗಿದ್ದು ಅದೇ ಮೊದಲಾದ್ದರಿಂದಲೋ ಏನೋ, ಯಾರೂ ಅಲುಗಾಡಲಿಲ್ಲ. ನಾಲ್ಕನೇದಕ್ಕೆ ಕಿಟಕಿಯ ಪಾರಿವಾಳಗಳು ಎದ್ದು ಹೋದವು.

"ನಿಮ್ಮಮ್ಮನಿಗೆ ಸದ್ದಾಗಬಾರದು ಅಂತ ಎಷ್ಟು ಸಲ ಹೇಳಬೇಕು!" ಎಂದು ಐದನೇ ಸಲ ಗರ್ಜಿಸಿದ ಮೇಲೆ ಮನೆ ಎದ್ದಿತು.

ಅಡುಗೆಮನೆಯಲ್ಲಿ ಮಾಸ್ತರು ಬೇಳೆ ತೊಳೆದು ಕುಕ್ಕರಿಗೆ ಹಾಕಿದರು. ಆಗ ತಲೆಯಲ್ಲಿ ಮಿಂಚು ಹೊಡೆಯಿತು. ಕುಕ್ಕರು ಕೂಗುತ್ತದಲ್ಲ! ಹೆಂಡತಿ ಬಾಯಿ ಮುಚ್ಚಿ ಕೂತಿರುವಾಗ ಕುಕ್ಕರಿಗೆ ಕೂಗುವ ಹಕ್ಕೇನು? ಮುಚ್ಚಳದ ಮೇಲಿನ ವಿಷಲ್ ಕಿತ್ತು ಜೇಬಿಗಿಳಿಸಿ, ಉರಿ ದೊಡ್ಡದು ಮಾಡಿ, ತಮ್ಮ ಬುದ್ಧಿಗೆ ತಾವೇ ತಲೆದೂಗಿದರು.

ಸ್ವಲ್ಪ ಹೊತ್ತಿಗೆ ಮುಚ್ಚಳದ ತೂತಿನಿಂದ ಹಳದಿ ಕಾರಂಜಿಯೊಂದು ಚಿಮ್ಮಿ ನೇರ ಸೂರು ಮುಟ್ಟಿತು.

ಹಜಾರದಿಂದ ಹೆಂಡತಿಗೆ ಎಲ್ಲವೂ ಕಾಣುತ್ತಿತ್ತು. ಅವಳು ಧಡಕ್ಕನೆ ಎದ್ದು, ಕೈ ಚಾಚಿ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದಳು. ಉರಿ ಇಳಿಸಿ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಮಾಸ್ತರಿಗೆ ಮಾತ್ರ ತಿಳಿಯಲಿಲ್ಲ. ಹಗಲೂ ಇರುಳೂ ಕೈಸನ್ನೆ ಕಲಿಸಿದವರು ಅವರು. ಈ ಸನ್ನೆಗೆ ರಸ್ತೆಯಲ್ಲಿ ಒಂದೇ ಅರ್ಥ: ವೇಗ ತಗ್ಗಿಸಿ!

"ಸರಿ ಸರಿ, ಗಾಬರಿ ಬೀಳಲ್ಲ, ನಿಧಾನಕ್ಕೇ ಹೋಗ್ತೀನಿ," ಎಂದು ಅವರು ಒಲೆಯ ಕಡೆ ಹೊರಟಿದ್ದ ಹೆಜ್ಜೆಯನ್ನು ಇನ್ನಷ್ಟು ನಿಧಾನಿಸಿದರು. ಬೇಳೆ ಈಗ ಸೂರಿನಿಂದ ಕೆಳಗಿಳಿದು ಅವರ ಬೋಳುತಲೆಯ ಮೇಲೆ ಹನಿಯತೊಡಗಿತು. ಹೆಂಡತಿ ಕೈ ಜೋರಾಗಿ ಆಡಿಸಿದಳು. ಮಾಸ್ತರು ಪೂರ್ತಿ ನಿಂತೇಬಿಟ್ಟರು.

ಅವಳು ಬೆರಳಿನಿಂದ ಒಲೆಯ ಗುಂಡಿ ತಿರುಗಿಸುವಂತೆ ತೋರಿಸಿದಳು.

"ಕಿವಿ ಹಿಂಡ್ತೀನಿ ಅಂತಿದಾಳೆ ಕಣೋ," ಎಂದು ತಾಯಿ ಅನುವಾದಿಸಿದರು.

ಹೆಂಡತಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದಳು. ಡಾಕ್ಟರು, ಸೋಮವಾರ, ಮೈಕು, ಕಾರಿನ ಕಿಟಕಿ ಎಲ್ಲವೂ ಒಟ್ಟಿಗೆ ಮಾಸ್ತರ ಕಣ್ಣ ಮುಂದೆ ಬಂದವು.

"ಬಾಯಿ ಮುಚ್ಚು! ಒಂದೇ ಒಂದು ಮಾತಾಡಿದ್ರೆ ನೋಡು ಮತ್ತೆ!"

ಹೀಗೆ ಅಬ್ಬರಿಸುತ್ತಾ ಅಭ್ಯಾಸಬಲದಿಂದ ಬಲಗಾಲಿನಲ್ಲಿ ಬ್ರೇಕು ಒತ್ತಿದರು. ಕಾಲ ಕೆಳಗೆ ಬ್ರೇಕಿರಲಿಲ್ಲ, ಬೇಳೆಯಿತ್ತು! ಮಾಸ್ತರು ಜಾರಿ, ಆಸರೆಗೆ ಪಾತ್ರೆಯ ಸ್ಟ್ಯಾಂಡು ಹಿಡಿದು, ಅದರ ಸಮೇತ ನೆಲಕ್ಕೊರಗಿದರು. ದಡಬಡ ಸದ್ದಿಗೆ ಮಹಡಿ ಮೆಟ್ಟಿಲೆಲ್ಲ ಅದುರಿತು. ಮಗಳು ಬಂದು ಒಲೆ ಆರಿಸಿದಳು.

ಗೋಡೆಯ ಆಚೆ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮನಿಗೆ ಕೇಳಿಸಿದ್ದಿಷ್ಟೇ: ಮೊದಲು ಗಂಡಸಿನ ಅಬ್ಬರ, "ಬಾಯಿ ಮುಚ್ಚು!" ಆಮೇಲೆ ಪಾತ್ರೆಗಳ ಆರ್ಭಟ. ಆಮೇಲೆ ನಿಶ್ಶಬ್ದ. ಆಕೆ ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ ಇದ್ದ ಹಾಗೇ ಓಡಿ ಬಂದಳು. ಕರೆಗಂಟೆ ಒತ್ತಿದಳು. ಅದು ಸತ್ತಿತ್ತು. ಬಾಗಿಲು ಬಡಿದ ಬಡಿತಕ್ಕೆ ಮೇಲಿನವರು, ಕೆಳಗಿನವರು ಎಲ್ಲ ಮೆಟ್ಟಿಲಲ್ಲಿ ಜಮಾಯಿಸಿದರು.

ಬಾಗಿಲು ತೆರೆದದ್ದು ತಲೆಯಿಂದ ಹಳದಿ ಸುರಿಯುತ್ತಿದ್ದ ಮಾಸ್ತರು. ಅವರನ್ನು ಪಕ್ಕಕ್ಕೆ ತಳ್ಳಿ ಟೈಲರಮ್ಮ ನೇರ ಕುರ್ಚಿಯ ಬಳಿ ಹೋದಳು.

"ಏನಂದ್ರಮ್ಮ ನಿನಗೆ? ನನ್ನ ಹತ್ರ ಹೇಳು!"

ಹೆಂಡತಿ ಏನೂ ಇಲ್ಲವೆಂದು ತಲೆಯಾಡಿಸಿದಳು.

"ನೋಡಿ! ಬಾಯಿ ಬಿಡೋಕೂ ಹೆದರ್ತಾಳೆ!"

"ಅಯ್ಯೋ, ಅವಳು ಮಾತಾಡೋ ಹಾಗಿಲ್ಲ ಅಂತ ಹೇಳಿದೆ!" ಎಂದು ಮಾಸ್ತರು ಕೂಗಿದರು.

"ಹೇಳಿದ್ದು ಯಾರು?"

"ನಾನೇ! ಅಲ್ಲ, ಡಾಕ್ಟರು! ಡಾಕ್ಟರು ಹೇಳಿದ್ದನ್ನ ನಾನು..."

ಮಗನ ಮರ್ಯಾದೆ ಕಾಪಾಡಲು ತಾಯಿ ಮುಂದೆ ಬಂದರು. "ನನ್ನ ಮಗನಂಥ ಗಂಡ ಯಾರಿಗೂ ಸಿಗಲ್ಲ. ಬೆಳಗ್ಗಿಂದ ಅವಳಿಗೆ ಒಂದಕ್ಷರ ಆಡೋಕೆ ಬಿಟ್ಟಿಲ್ಲ! ಫೋನು ಕೂಡ ಬೀರುವಿನಲ್ಲಿಟ್ಟು ಬೀಗ ಹಾಕಿದಾನೆ. ನಾನೇ ಸಾಕ್ಷಿ!"

ಮೆಟ್ಟಿಲ ಮೇಲೆ 'ಹಾಂ!' ಎಂಬ ಉದ್ಗಾರವೆದ್ದಿತು. ಕತ್ತರಿ ಮಾಸ್ತರ ಕಡೆ ತಿರುಗಿತು.

ಆಗ ಹೆಂಡತಿಯ ಭುಜಗಳು ಕುಲುಕತೊಡಗಿದವು. ಕೈಯಿಂದ ಮುಖ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಅಳ್ತಿದಾಳೆ ಪಾಪ!" ಎಂದರು ಮೇಲಿನ ಮನೆಯವರು.

ಅಳುವಲ್ಲ ಎಂದು ಮಾಸ್ತರೊಬ್ಬರಿಗೇ ಗೊತ್ತು. ಅವಳು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ಬೇರೆ ಹೊತ್ತಾಗಿದ್ದರೆ ಮಾಸ್ತರೂ ಜೊತೆಗೆ ನಗುತ್ತಿದ್ದರು. ಆದರೆ ಗಂಟಲು!

"ನಗಬೇಡ! ದಮ್ಮಯ್ಯ, ನಗಬೇಡ ಕಣೇ!"

"ನಗೋಕೂ ಬಿಡಲ್ವಾ!" ಎಂದು ಮೆಟ್ಟಿಲ ಸಮಸ್ತರೂ ಒಕ್ಕೊರಲಿನಿಂದ ಕೇಳಿದರು.

ಕಡೆಗೆ ಮನೆಯ ಮಾನ ಉಳಿಸಿದವಳು ಮಗಳು. ಸ್ಟೂಲು ಹತ್ತಿ, ಮೂಗಿನ ಮೇಲಿನ ಬೇಳೆ ಒರೆಸಿಕೊಂಡು, ಥೇಟ್ ಅವಳಮ್ಮನ ದನಿಯಲ್ಲಿ ಶುರು ಮಾಡಿದಳು.

"ಅಕ್ಕಪಕ್ಕದವರೇ, ದಯವಿಟ್ಟು ಗಮನಿಸಿ. ನಮ್ಮಮ್ಮನ ಗಂಟಲು ಕೆಟ್ಟಿದೆ. ಮಾತಾಡಿದರೆ ಕೆಲಸ ಹೋಗಲಿದೆ. ನಮ್ಮಪ್ಪ ಕೆಟ್ಟಿಲ್ಲ, ಬೇಳೆ ಮಾತ್ರ ಕೆಟ್ಟಿದೆ. ತಮಗೆ ಉಂಟಾದ ಅಡಚಣೆಗಾಗಿ ವಿಷಾದಿಸುತ್ತೇವೆ."

ಟೈಲರಮ್ಮ ಕತ್ತರಿ ಕೆಳಗಿಳಿಸಿದಳು. "ಮೊದಲೇ ಹೇಳಬಾರದಾ?" ಎಂದು ಮಾಸ್ತರನ್ನೇ ಗದರಿಕೊಂಡು ಊಟ ಕಳಿಸಲು ಹೋದಳು.

ಮಧ್ಯಾಹ್ನ ಉಂಡ ಮೇಲೆ ಹೆಂಡತಿ ಕುರ್ಚಿಯಲ್ಲೇ ನಿದ್ದೆಹೋದಳು. ನಕ್ಕು ಹಗುರಾದವರ ಗಾಢ ನಿದ್ದೆ. ಮಾಸ್ತರು ಬಾಗಿಲಲ್ಲಿ ಕಾವಲು ಕುಳಿತರು. ಗಂಟಲು ವಿಚಾರಿಸಲು ಬಂದ ಪ್ರತಿಯೊಬ್ಬರಿಗೂ ಮೆಟ್ಟಿಲ ತುದಿಯಿಂದಲೇ, "ಮಲಗಿದಾಳೆ! ಸದ್ದು ಮಾಡಬೇಡಿ!" ಎಂದು ಊರಿಗೆಲ್ಲ ಕೇಳುವಂತೆ ಸಾರಿದರು. ತಾಯಿಯ ಟೀವಿಗೆ ಕೂಗಿದರು. ಮಗಳ ಸ್ನಾನಕ್ಕೆ, ಹೋಮ್‌ವರ್ಕಿಗೆ, ಒಣಗಿದ ಬಟ್ಟೆಗೆ, ಎಲ್ಲಕ್ಕೂ ಮೂರು ಮೂರು ಸಲ ಕೂಗಿದರು. ಅವಳು ಮಗ್ಗುಲು ಸಹ ಬದಲಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದಾಗ ಮಾಸ್ತರು ಅವಳ ಕಾಲ ಬಳಿ ನೆಲದ ಮೇಲೆ ಕುಸಿದು ಕೂತಿದ್ದರು. ಬೋಳುತಲೆಯಲ್ಲಿ ಇನ್ನೂ ಒಂದೆರಡು ಬೇಳೆ ಅಂಟಿತ್ತು.

"ದಿನಾ ಇಷ್ಟೊಂದು ಕೂಗ್ತೀಯೇನೇ ನೀನು?" ಎಂದರು ಮೆಲ್ಲಗೆ.

ಅವಳು ಉತ್ತರಿಸುವಂತಿರಲಿಲ್ಲ. ಸೆರಗಿನಿಂದ ಬೇಳೆ ಒರೆಸಿ ಅವರ ತಲೆ ಸವರಿದಳು. ಮಾಸ್ತರ ಕಣ್ಣು ತುಂಬಿ ಬಂತು. ಇವಳು ಇಷ್ಟು ದಣಿಯುತ್ತಿದ್ದಳು, ತಾನು ಪಕ್ಕದಲ್ಲೇ ಕೂತು ಮೂರನೇ ಕೂಗಿಗೆ ಕಾಯುತ್ತಿದ್ದೆ ಎಂದು ಅವರಿಗೆ ನಾಚಿಕೆಯಾಯಿತು. ಅವಳ ಕೈ ಹಿಡಿದುಕೊಂಡರು.

ಸೋಮವಾರ ಡಾಕ್ಟರು ಕನ್ನಡಿ ಇಟ್ಟು ನೋಡಿದರು. ಇನ್ನೊಮ್ಮೆ ನೋಡಿದರು.

"ಭೇಷ್! ಊತ ಚೆನ್ನಾಗಿ ಇಳೀತಾ ಇದೆ. ಹಿಂಗೇ ಜೋಪಾನ ಮಾಡಿದ್ರೆ ಮೈಕಿಗೇನೂ ಮೋಸ ಇಲ್ಲ. ಏನು ಮಾಡಿದ್ರಿ?"

ಇಂಥ ಪ್ರಶ್ನೆಗೇ ಮಾಸ್ತರು ಕಾದಿದ್ದರು. ಎದೆಯುಬ್ಬಿಸಿ, ತಮ್ಮ ಸಾಧನೆಯನ್ನು ವಿಸ್ತಾರವಾಗಿ ಬಣ್ಣಿಸಲು ಬಾಯಿ ತೆರೆದರು. ಬಂದದ್ದು 'ಕೀಂಯ್' ಎಂಬ ಒಂದು ಸಣ್ಣ ಸದ್ದು, ಎಣ್ಣೆ ಕಾಣದ ಬಾಗಿಲಿನದು. ಮತ್ತೆ ಪ್ರಯತ್ನಿಸಿದರು. ಈ ಸಲ ಅದೂ ಬರಲಿಲ್ಲ.

ಡಾಕ್ಟರು ಅವರನ್ನೇ ಕುರ್ಚಿಯಲ್ಲಿ ಕೂರಿಸಿ, ಕನ್ನಡಿ ಬದಲಾಯಿಸಿ, ಗಂಟಲೊಳಗೆ ಇಣುಕಿ ಹೌಹಾರಿದರು. "ಇದೇನ್ರೀ ಇದು? ನಿಮ್ಮದು ಅವರದಕ್ಕಿಂತ ಹೆಚ್ಚು ಊದಿದೆ! ಏನಾಯ್ತು?"

ಮಾಸ್ತರು ಅಸಹಾಯಕರಾಗಿ ಹೆಂಡತಿಯ ಕಡೆ ನೋಡಿದರು. ಅವಳು ಹತ್ತಿರ ಬಂದು ಅವರ ಭುಜದ ಮೇಲೆ ಕೈಯಿಟ್ಟಳು. ಒಂದು ದಿನದ ಮೇಲೆ ಮೊದಲ ಸಲ ಬಾಯಿ ತೆರೆದಳು. ದನಿ ಮೆಲುವಾಗಿತ್ತು, ಒಡಕು ಕಡಿಮೆಯಾಗಿತ್ತು.

"ಏನಿಲ್ಲ ಡಾಕ್ಟ್ರೇ," ಎಂದಳು, "ನನ್ನ ಪಾಲಿನದ್ದನ್ನೆಲ್ಲ ಇವರೇ ಕೂಗಿಬಿಟ್ಟರು."