ಕತ್ತೆಮರಿ ಇನ್ನೂ ಬಾವಿಯಲ್ಲಿದೆ

ನಮ್ಮ ಕಾಕಾ ಅವರನ್ನು ಊಟಕ್ಕೆ ಎಬ್ಬಿಸುವುದು ಬ್ರಹ್ಮನಿಂದಲೂ ಆಗದ ಕೆಲಸ. ಪುಸ್ತಕದೊಳಗಿನ ನಾಯಿಮರಿ ಮನಸ್ಸು ಮಾಡಿದರೆ ಮಾತ್ರ ಆದೀತು. ಅದು ಹೊಳೆಯಿಂದ ದಂಡೆಗೆ ಬಂದು ಮೈ ಕೊಡವಿಕೊಂಡರೆ ಸಾಕು, ಕಾಕಾ ತಾವಾಗಿಯೇ ಎದ್ದು ಕೈ ತೊಳೆಯುತ್ತಾರೆ. ಅದು ನೀರಿನಲ್ಲೇ ಉಳಿದರೆ? ಕಾಕಾ ಅವರ ಹೆಂಡತಿ, ನಮ್ಮ ಕಾಕು, ಬಡಿದ ಬಿಸಿ ರೊಟ್ಟಿ ಒಣಗಿ ಕಟಕ್ ರೊಟ್ಟಿಯಾಗುತ್ತದೆ, ಅಷ್ಟೇ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಈಗ ಚಿತ್ತಾಪುರದ ಮನೆಯಲ್ಲಿ ನಮ್ಮಪ್ಪನ ಜೊತೆಗೇ ಇದ್ದಾರೆ. ಓದುವ ಹುಚ್ಚು ಹಿಡಿದದ್ದು ಈಚೆಗೆ. ಪುರಾಣ ಓದುತ್ತಾರೆಯೇ? ಇಲ್ಲ. ಪೇಪರು? ಅದೂ ಇಲ್ಲ. ಮೊಮ್ಮಗಳು ಓದಿ ಬಿಟ್ಟ ಮಕ್ಕಳ ಪುಸ್ತಕಗಳು! ದಪ್ಪ ಅಕ್ಷರ, ಪುಟ್ಟ ಪುಟ್ಟ ಅಧ್ಯಾಯ, ಮೂರ್ನಾಲ್ಕು ಜನ ಗೆಳೆಯರು, ಅವರ ಕಣ್ಣಿಗೆ ಬೀಳುವ ಒಂದು ಬಡಪಾಯಿ ಪ್ರಾಣಿ. ಇಂಥವನ್ನು ಬರೆಯುವವರು ಭಾರಿ ಜಾಣರು. ಪ್ರಾಣಿ ಇನ್ನೇನು ಮುಳುಗಿತು ಎನ್ನುವಲ್ಲಿಗೆ ಸರಿಯಾಗಿ ಅಧ್ಯಾಯ ಮುಗಿಸಿಬಿಡುತ್ತಾರೆ. ಕಾಕಾಗೆ ಸಿಟ್ಟು ಬರುವುದೇ ಅಲ್ಲಿ.

"ಬರ್ದಾಂವಗ ಕರುಳೇ ಇಲ್ಲ. ಮರೀನ್ನ ನೀರಾಗ ಬಿಟ್ಟು ತಾ ಉಣ್ಲಾಕ ಎದ್ದು ಹೋಗ್ಯಾನ ನೋಡು."

ಹೀಗಾಗಿ ಕಾಕಾ ತಮಗೆ ತಾವೇ ಒಂದು ಕಾಯಿದೆ ಮಾಡಿಕೊಂಡರು: ಪ್ರಾಣಿ ಕಷ್ಟದಲ್ಲಿರುವಾಗ ಪುಸ್ತಕ ಮುಚ್ಚುವಂತಿಲ್ಲ.

ವಾಡಿಯಿಂದ ಚಿತ್ತಾಪುರಕ್ಕೆ ರೈಲಿನಲ್ಲಿ ಎಷ್ಟು ದೂರ? ಕಿಟಕಿಗೆ ತಲೆಯಾನಿಸಿ ತೊಗರಿ ಹೊಲ ನೋಡುತ್ತ ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಊರು ಬಂದಿರುತ್ತದೆ. ಒಂದು ಮಧ್ಯಾಹ್ನ ಆ ಗಾಡಿಯಲ್ಲಿ ಕಾಕಾ ಗಟ್ಟಿಯಾಗಿ ಓದುತ್ತ ಬಂದರು. ಚಿತ್ತಾಪುರ ಬಂತು, ಹೋಯಿತು. ಫೋನ್ ಬಂದದ್ದು ಸೇಡಂನಿಂದ.

"ಅಲ್ರಿ, ನಮ್ಮ ಸ್ಟೇಷನ್ ಕಾಣಲಿಲ್ಲೇನು?" ಎಂದು ಕಾಕು ಕೇಳಿದರು.

"ಕಂಡಿತ್ತು. ಆನಿಮರಿ ಇನ್ನಾ ಕೆಸರಿನ್ಯಾಗೇ ಇತ್ತು. ಅದನ್ನ ಬಿಟ್ಟು ನಾ ಒಬ್ನೇ ಇಳೀಲೇನು?"

ತಮಾಷೆಯೆಂದರೆ, ಎದುರಿಗೆ ಕೂತು ಕೇಳುತ್ತಿದ್ದ ಇನ್ನಿಬ್ಬರು ಚಿತ್ತಾಪುರದವರೂ ಆನೆಮರಿಯ ದೆಸೆಯಿಂದ ಸೇಡಂ ಕಂಡು ಬಂದರಂತೆ.

ನನ್ನ ಮದುವೆಯ ಕಥೆಯೂ ಇದೇ. ಗಂಡಿನ ಮನೆ ನೋಡಲು ನಮ್ಮವರೆಲ್ಲ ಸುಲೇಪೇಟಕ್ಕೆ ಹೋದರು. ಎಲ್ಲರೂ ಇಳಿದು ಒಳಗೆ ಹೋದರೂ ಕಾಕಾ ಜೀಪಿನಲ್ಲೇ ಉಳಿದರು. ಬೆಕ್ಕಿನ ಮರಿಯೊಂದು ಮರದ ತುದಿಯಲ್ಲಿ ಸಿಕ್ಕಿಕೊಂಡಿತ್ತು, ಪುಸ್ತಕದಲ್ಲಿ. ಒಳಗೆ ಅಪ್ಪನ ಮುಖ ಹುಳ್ಳಗಾಯಿತು. ಕರೆದು ತರುತ್ತೇನೆಂದು ಹೋದ ಗಂಡಿನ ತಂದೆಯೂ ಬರಲೊಲ್ಲರು! ಹೋಗಿ ನೋಡಿದರೆ ಬೀಗರು ಜೀಪಿನ ಬಾಗಿಲಿಗೆ ಒರಗಿ ಕಥೆ ಕೇಳುತ್ತಿದ್ದಾರೆ. ಮರಿ ಕೆಳಗಿಳಿದ ಮೇಲೆ ಇಬ್ಬರೂ ಕೂಡಿಯೇ ಒಳಗೆ ಬಂದರು.

"ಬೆಕ್ಕಿನ ಮರಿಗೇ ಇಷ್ಟು ಮರುಗೋ ಮಂದಿ, ನಮ್ಮ ಹುಡುಗನ್ನ ಕೈ ಬಿಡ್ತಾರೇನ್ರಿ?" ಎಂದು ಬೀಗರು ಅಲ್ಲೇ ಒಪ್ಪಿಗೆ ಕೊಟ್ಟರು. ನನ್ನ ಗಂಡ ಈಗಲೂ ಬೆಕ್ಕು ಕಂಡರೆ ಗೌರವದಿಂದ ದಾರಿ ಬಿಡುತ್ತಾನೆ.

ಕಾಕಾ ಅವರ ಖಾಯಂ ಕೇಳುಗರು ಒಬ್ಬರೇ, ಪಕ್ಕದ ಮನೆಯ ಚಾಚಾ. ಶಹಾಬಾದಿನ ಕಲ್ಲು ಗಣಿಯಲ್ಲಿ ಕೆಲಸ ಮಾಡಿ ಬಂದವರು. ಕಲಿತದ್ದು ಉರ್ದು ಶಾಲೆಯಲ್ಲಿ, ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಬಾರದು. ಮಧ್ಯಾಹ್ನ ಬೇವಿನ ಮರದ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ ಒಬ್ಬರು ಓದುತ್ತಾರೆ, ಒಬ್ಬರು ಕಣ್ಣು ಮುಚ್ಚಿ ಕೇಳುತ್ತಾರೆ. ಎಲೆಗಳ ಸಂದಿಯ ಬಿಸಿಲು ಇಬ್ಬರ ಮೇಲೂ ಆಡುತ್ತಿರುತ್ತದೆ. ಆ ಹೊತ್ತಿನಲ್ಲಿ ಬಾಗಿಲಿಗೆ ನಿಂತರೆ ನಮ್ಮ ಓಣಿಯ ಹಿಂದೆಯೇ ಎಲ್ಲೋ ಕಾಡಿದೆ, ಹೊಳೆಯಿದೆ ಎನಿಸಿ ನನಗೂ ಒಳಗೆ ಹೋಗಲು ಮನಸ್ಸಾಗುವುದಿಲ್ಲ. ಮರುದಿನ ಚಾಚಾ ಬಂದವರೇ ಕೇಳುವುದು, "ನಿನ್ನಿ ಗಿಳಿಗಿ ಈಗ ಆರಾಮ ಅದ ಏನು?"

ಈ ಸಲ ನಾನು ತವರಿಗೆ ಬಂದಾಗ ಚಾಚಾಗೇ ಆರಾಮ ಇರಲಿಲ್ಲ. ಎದೆಯ ಆಪರೇಷನ್ ಆಗಲೇಬೇಕು, ಕಲಬುರಗಿಗೆ ಹೊರಡಿ ಎಂದು ಡಾಕ್ಟರು ಹೇಳಿದ್ದರು. ಚಾಚಾ ಒಲ್ಲೆ ಎಂದರು. ಅವರ ಮಗಳು ಅತ್ತಳು, ನಮ್ಮಪ್ಪ ಬುದ್ಧಿ ಹೇಳಿದರು.

"ಭಾಳ ದಿನ ಬಾಳೀನಿ. ಈ ಕಟ್ಟಿ ಮ್ಯಾಲೇ ಇದ್ದು ಬಿಡ್ತೀನಿ," ಎಂದರು ಚಾಚಾ.

ಕಾಕಾ ಪಕ್ಕದಲ್ಲಿ ಕೂತರು. ಹೊಸ ಪುಸ್ತಕ ತೆಗೆದು ಓದತೊಡಗಿದರು. ಓಣಿಯ ಗೆಳೆಯರು, ಒಂದು ಕತ್ತೆಮರಿ. ಅದು ಹಾಳು ಬಾವಿಗೆ ಬಿತ್ತು. ಕತ್ತಲು, ಕೆಳಗಿನಿಂದ ಸಣ್ಣ ದನಿ. ಅಧ್ಯಾಯ ಮುಗಿಯಿತು. ಕಾಕಾ ಬೇವಿನೆಲೆ ಗುರುತಿಟ್ಟು ಪುಸ್ತಕ ಮುಚ್ಚಿಬಿಟ್ಟರು!

ಚಾಚಾ ಕಣ್ಣು ಬಿಟ್ಟರು. "ಮುಂದ?"

"ಮುಂದಿಂದು ನೀ ಆಪರೇಷನ್ ಮಾಡಿಸ್ಕೊಂಡು ಬಂದಾಗ."

"ಮತ್ತ ಮರಿ?"

"ಬಾವ್ಯಾಗೇ ಇರ್ತದ. ನೀ ಬರೋತನ ತೆಗಿಯಂಗಿಲ್ಲ."

ಮರುದಿನ ಮುಂಜಾನೆ ಚಾಚಾ ಕಲಬುರಗಿಯ ಗಾಡಿ ಹತ್ತಿದರು.

ಅಂದಿನಿಂದ ಕಾಕಾ ಉಂಡದ್ದು ಕಡಿಮೆ. ಪುಸ್ತಕ ಗೋಡೆಯ ಗೂಡಿನಲ್ಲಿತ್ತು. ಅದರ ಹತ್ತಿರ ಹೋಗುವರು, ಬರುವರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ನಾ ಒಂದೀಟು ಓದಿ ನೋಡ್ಲೇನ್ರಿ? ನಿಮಗ ಹೇಳಂಗಿಲ್ಲ."

"ಬ್ಯಾಡವ್ವ. ಅವ ಇಲ್ದ ಯಾರೂ ಓದೋದು ಬ್ಯಾಡ."

ಇಷ್ಟು ದಿನ ಇವರನ್ನು ಆಡಿಕೊಂಡು ನಕ್ಕವಳು ನಾನು. ಅಂದು ನಗು ಬರಲಿಲ್ಲ.

ಆಪರೇಷನ್ ಆದ ಮರುದಿನ ಚಾಚಾನ ಮಗಳ ಫೋನ್ ಬಂತು. "ನಮ್ಮ ಅಬ್ಬಾ ಮಾತಾಡ್ಲಾಕತ್ತಾರ್ರಿ ಕಾಕಾ. ಬಾವ್ಯಾಗಿಂದು ಕತ್ತಿಮರಿ ಏನಾತು ಕೇಳು ಅಂತಾರ. ಏನು ಹೇಳ್ಲಿ?"

ಕಾಕಾ ತಿರುಗಿ ನೋಡಿದರು. ಗೂಡಿನಲ್ಲಿ ಪುಸ್ತಕ ಮುಚ್ಚಿಯೇ ಇತ್ತು, ಬೇವಿನೆಲೆ ಇಟ್ಟಲ್ಲೇ ಇತ್ತು.

"ಬಾವ್ಯಾಗ ನೀರು ಭಾಳ ಇಲ್ಲ ಅನ್ನವ್ವ," ಎಂದರು, "ಮೊಳಕಾಲಮಟ ಅದ, ಅಷ್ಟೇ. ಮರಿ ನಿಂತದ. ಅವ ಸಾವಕಾಶ ಬರ್ಲಿ."