ಎಲ್ಲಮ್ಮನ ಕೈಪಟ್ಟಿ ದೊಡ್ಡಣ್ಣನ ಅಂಗಿಗೆ ಹೋದ ಬಗ್ಗೆ

ಸಂಬಂಧಪಟ್ಟ ಇಲಾಖೆಯ ಕಾರ್ಯಾಲಯ
ಸಂಖ್ಯೆ: ರಕ್ತ/ಚೀಟಿ/ಗಂಡ/17/2024
ದಿನಾಂಕ: 11.06.2024 (ಊಟಕ್ಕೆ ಮೊದಲು)

ಸುತ್ತೋಲೆ

ವಿಷಯ: ರಕ್ತದ ಚೀಲಕ್ಕೆ ಚೀಟಿ ಅಂಟಿಸುವ, ರೋಗಿಯ ಕೈಗೆ ಪಟ್ಟಿ ಕಟ್ಟುವ ಹಾಗೂ ಗಂಡಂದಿರಿಗೆ ಏನೂ ಕಟ್ಟದಿರುವ ಬಗ್ಗೆ.

ಉಲ್ಲೇಖ: 1. ರಕ್ತನಿಧಿ ತಂತ್ರಜ್ಞೆ ಸರಿತಾ ಅವರ ಲಿಖಿತ ವಿವರಣೆ.
2. ಪಾಲಕೋಡಿನ ಎಲ್ಲಮ್ಮನವರ ಮೌಖಿಕ ಹೇಳಿಕೆ (ಮೂರು ವಾರ್ಡುಗಳಿಗೆ ಕೇಳಿಸಿದ್ದು).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ, ಧರ್ಮಪುರಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ (ತನ್ನ ಹೆಸರು ಎಲ್ಲೂ ಬರಬಾರದೆಂದು ಆ ಆಸ್ಪತ್ರೆಯೇ ಹೆಸರು, ಮೊಹರು ಹಾಕಿ ಪತ್ರ ಬರೆದಿದೆ) ನಡೆದದ್ದನ್ನು ಎಲ್ಲರ ಅವಗಾಹನೆಗೆ ತರಲಾಗಿದೆ.

1. ಸರಿತಾ ಸೇಲಂನ ಕೈಮಗ್ಗದ ಮನೆಯಲ್ಲಿ ಹುಟ್ಟಿ, ನೂಲಿಗೆ ಗಂಟು ಹಾಕುತ್ತಲೇ ಬೆಳೆದವರು. ಅವರು ಹಾಕಿದ ಗಂಟು ಬಿಚ್ಚಿಕೊಂಡ ದಾಖಲೆ ಇಲ್ಲ. ಕಳೆದ ವಾರದ ಸೋಮವಾರ ಹೆಂಗಸರ ವಾರ್ಡಿನ ಇಬ್ಬರ ರಕ್ತದ ಮಾದರಿ ತೆಗೆದು, ಇಬ್ಬರ ಕೈಗೂ ಪಟ್ಟಿ ಕಟ್ಟಿ ಬಂದಿದ್ದರು. ಇಬ್ಬರ ಹೆಸರೂ ಎಲ್ಲಮ್ಮ. ಆರನೇ ಹಾಸಿಗೆಯವರು ಕಾರಿಮಂಗಲಂನವರು, ಬಿ ಪಾಸಿಟಿವ್. ಒಂಬತ್ತನೆಯವರು ಪಾಲಕೋಡಿನವರು, ಓ ಪಾಸಿಟಿವ್. ಓ ಗುಂಪಿನವರಿಗೆ ಬಿ ರಕ್ತ ಹೋದರೆ ಜೀವಕ್ಕೇ ಸಂಚಕಾರ ಎಂಬುದನ್ನು ಇಲಾಖೆ ತಾತ್ವಿಕವಾಗಿ ಒಪ್ಪಿಕೊಂಡಿದೆ.

2. ಆರನೇ ಹಾಸಿಗೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಒಂಬತ್ತರ ಮೇಲೆ ಫ್ಯಾನಿನ ಕೊಕ್ಕೆ ಮಾತ್ರ ಇತ್ತು. ಕಾರಿಮಂಗಲಂ ಎಲ್ಲಮ್ಮನಿಗೆ ಚಳಿ, ಪಾಲಕೋಡಿನ ಎಲ್ಲಮ್ಮನಿಗೆ ಸೆಕೆ. ಇಬ್ಬರೂ ಯಾವುದೇ ಅರ್ಜಿ ಸಲ್ಲಿಸದೆ ಹಾಸಿಗೆ ಬದಲಾಯಿಸಿಕೊಂಡರು. ಸಾಲದ್ದಕ್ಕೆ ಪಾಲಕೋಡಿನವರು ತಮ್ಮ ಕೈಪಟ್ಟಿಯನ್ನು ಬಳೆಯಂತೆ ಜಾರಿಸಿ ತೆಗೆದು, ಗಂಡ ದೊಡ್ಡಣ್ಣನವರ ಅಂಗಿಯ ಗುಂಡಿಗೆ ಸಿಕ್ಕಿಸಿದರು. ಕಾರಣ ಕೇಳಲಾಗಿ, “ನಮ್ಮೋರು ಟೀ ಕುಡಿಯಾಕ್ ಓದ್ರೆ ತಿರುಗಿ ವಾರ್ಡು ಸಿಕ್ಕಾಕಿಲ್ಲ. ನಾನು ಮಲಗಿರೋಳು, ಎಲ್ಲಿ ಕಳೆದೋಗ್ಲಿ?” ಎಂದು ತಿಳಿಸಿರುತ್ತಾರೆ.

3. ಬಿ ರಕ್ತದ ಚೀಲ ಹಿಡಿದು ನರ್ಸ್ ಸೆಲ್ವಿ ಆರನೇ ಹಾಸಿಗೆಗೆ ಬಂದರು. ರೋಗಿಯ ಕೈಯಲ್ಲಿ ಪಟ್ಟಿ ಇರಲಿಲ್ಲ. ಹೆಸರು ಕೇಳಿದರು: ಎಲ್ಲಮ್ಮ. ಸರಿಯೇ ಇತ್ತು. ಗಂಡನ ಹೆಸರು ಕೇಳಿದರು.

“ಗಂಡನ ಎಸರು ಬಾಯಲ್ಲಿ ಏಳ್ತಾರಾ? ಅದ್ರಾಗೂ ಕಟ್ಕೊಂಡೋರನ್ನ ಅಣ್ಣಾ ಅನ್ನಾಕಾಯ್ತದಾ?”

ಚೀಲವನ್ನು ಹಿಂದಕ್ಕೆ ಕಳಿಸಬೇಕಾಗಿದ್ದ ಸೆಲ್ವಿ, ಹಾಸಿಗೆಯ ಸಂಖ್ಯೆಯಾದರೂ ಹೊಂದಿತಲ್ಲ ಎಂದು ಸಮಾಧಾನಪಟ್ಟು ಅದನ್ನು ನೇತುಹಾಕಿದರು. ಈ ಸಮಾಧಾನವನ್ನು ಇಲಾಖೆ ಖಂಡಿಸುತ್ತದೆ.

4. ಅದೇ ವೇಳೆಗೆ ಮೆಟ್ಟಿಲ ಬಳಿ, ಎರಡೂ ಕೈಯಲ್ಲಿ ಟೀ ಲೋಟ ಹಿಡಿದ ದೊಡ್ಡಣ್ಣ ಸರಿತಾ ಅವರಿಗೆ ಎದುರಾದರು. “ಯಮ್ಮಾ, ಆರನೇ ನಂಬರ್ ಮಂಚ ಎಲ್ಲೈತೆ? ನಮ್ಮೋಳು ಫ್ಯಾನ್ ಕೆಳಕ್ಕೆ ಓಗವಳೆ.” ಅವರ ಎದೆಯ ಮೇಲೆ ಸರಿತಾ ಅವರದೇ ಕೈಬರಹ: ಎಲ್ಲಮ್ಮ, ಹೆಣ್ಣು, ಓ ಪಾಸಿಟಿವ್, ಹಾಸಿಗೆ 9. ಆರಕ್ಕೆ ತಾನು ಆಗಷ್ಟೇ ಕಳಿಸಿದ್ದು ಬಿ! ಸರಿತಾ ಅವರ ಕಾಲು ಒಂದು ಗಳಿಗೆ ನೆಲಕ್ಕೆ ಅಂಟಿಕೊಂಡಿತು (ಇಲಾಖೆ ಸರಬರಾಜು ಮಾಡಿದ ಯಾವ ಚೀಟಿಯೂ ಈವರೆಗೆ ಹಾಗೆ ಅಂಟಿದ್ದಿಲ್ಲ). ಆಮೇಲೆ ಅವರು ಓಡಿದರು. ಮೂವತ್ತೆರಡು ಮೆಟ್ಟಿಲು, ಒಂದು ತಿರುವು, ಒರೆಸುತ್ತಿದ್ದ ಒದ್ದೆ ನೆಲ. ಬಾಗಿಲಿನಿಂದಲೇ ಕೂಗಿದರು: “ಸೆಲ್ವಕ್ಕಾ, ವೇಂಡಾಂ! ಬಿಡಬ್ಯಾಡ!”

ಸೆಲ್ವಿಯ ಹೆಬ್ಬೆರಳು ಕೊಳವೆಯ ತಡೆಯ ಮೇಲಿತ್ತು. ತೆರೆದಿರಲಿಲ್ಲ.

ಚೀಲ ಕೆಳಗಿಳಿಯಿತು. ಮತ್ತೆ ಪರೀಕ್ಷೆ ಮಾಡಿ, ಸಂಜೆಯೊಳಗೆ ಇಬ್ಬರಿಗೂ ಅವರವರ ಗುಂಪಿನ ರಕ್ತ ಕೊಡಲಾಯಿತು. ಸರಿತಾ ಮಾತ್ರ ಖಾಲಿ ಸ್ಟೂಲೊಂದರ ಮೇಲೆ ಕುಳಿತು ಬಹಳ ಹೊತ್ತು ನಕ್ಕರೋ ಅತ್ತರೋ, ಸಾಕ್ಷಿಗಳಲ್ಲಿ ಏಕಾಭಿಪ್ರಾಯವಿಲ್ಲ.

5. ಆದ್ದರಿಂದ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ವಿಧಿಸಲಾಗಿದೆ:

(ಅ) ರೋಗಿಯ ಪಟ್ಟಿಯನ್ನು ಗಂಡ, ಮೈದುನ, ಟಿಫನ್ ಕ್ಯಾರಿಯರ್ ಇತ್ಯಾದಿಗಳಿಗೆ ಕಟ್ಟತಕ್ಕದ್ದಲ್ಲ. ಕಳೆದುಹೋಗುವ ಗಂಡಂದಿರಿಗೆ ಪ್ರತ್ಯೇಕ ಹಸಿರು ಪಟ್ಟಿ ನೀಡಲಾಗುವುದು. ಅದರಲ್ಲಿ ರಕ್ತದ ಗುಂಪಿನ ಜಾಗದಲ್ಲಿ ಟೀ ಅಂಗಡಿಯ ಹೆಸರಿರತಕ್ಕದ್ದು.

(ಆ) ಗಂಡನ ಹೆಸರು ಹೇಳಲು ನಾಚುವವರು ಅದನ್ನು ಕಂತುಗಳಲ್ಲಿ ಹೇಳಬಹುದು. ‘ಅಣ್ಣ’, ‘ಅಪ್ಪ’ ಎಂದು ಮುಗಿಯುವ ಗಂಡಂದಿರು ಆ ಕೊನೆಯ ಕಂತನ್ನು ಖುದ್ದಾಗಿ ಬಂದು ತುಂಬತಕ್ಕದ್ದು.

(ಇ) ಸೆಕೆಯಾದಲ್ಲಿ ರೋಗಿ ಫ್ಯಾನಿನ ಬಳಿಗೆ ಹೋಗತಕ್ಕದ್ದಲ್ಲ, ಫ್ಯಾನನ್ನೇ ವರ್ಗಾಯಿಸಲಾಗುವುದು. ವರ್ಗಾವಣೆ ಆದೇಶವನ್ನು ಅದರ ರೆಕ್ಕೆಗೆ ಅಂಟಿಸತಕ್ಕದ್ದು, ನಿಂತ ಮೇಲೆ.

(ಈ) ಕೈಯಲ್ಲಿ ಪಟ್ಟಿ ಇಲ್ಲದವರಿಗೆ, ಅವರು ಎಷ್ಟೇ ಎಲ್ಲಮ್ಮನಾಗಿದ್ದರೂ, ಒಂದು ಹನಿ ರಕ್ತವನ್ನೂ ಕೊಡತಕ್ಕದ್ದಲ್ಲ.

6. ಆಸ್ಪತ್ರೆಯೊಳಗೆ ಓಡುವುದು ನಿಷಿದ್ಧವಿದ್ದು, ಓಡಿದ್ದೇಕೆಂದು ಸರಿತಾ ಅವರಿಂದ ಮೂರು ಪ್ರತಿಗಳಲ್ಲಿ ವಿವರಣೆ ಕೇಳಲಾಗಿತ್ತು. “ನಡೆದಿದ್ದರೆ ತಡವಾಗುತ್ತಿತ್ತು ಸಾರ್” ಎಂದು ಮೂರರಲ್ಲೂ ಬರೆದುಕೊಟ್ಟಿರುತ್ತಾರೆ. ವಿವರಣೆಯನ್ನು ಅಂಗೀಕರಿಸಲಾಗಿದೆ.

ಸಹಿ/-
ಮುನಿವೆಂಕಟಪ್ಪ
ಅಧೀಕ್ಷಕರು (ಪ್ರಭಾರ)

ಪ್ರತಿಗಳು:
1. ನರ್ಸ್ ಸೆಲ್ವಿ ಅವರಿಗೆ, ದಿನಕ್ಕೆರಡು ಬಾರಿ ಓದಲು.
2. ಫ್ಯಾನ್ ರಿಪೇರಿ ವಿಭಾಗಕ್ಕೆ (ಅಂಥ ವಿಭಾಗ ಇದ್ದಲ್ಲಿ).
3. ಸರಿತಾ ಅವರಿಗೆ. ಕಡತಕ್ಕೆ ಸೇರಿಸದೆ, ಮನೆಗೆ ಕೊಂಡೊಯ್ದು ತೋರಿಸಲು ಅನುಮತಿಯಿದೆ.
4. ಇಬ್ಬರು ಎಲ್ಲಮ್ಮಂದಿರಿಗೆ: ಗುಣವಾಗಿ, ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತು ಊರಿಗೆ ಹೊರಟುಹೋಗಿರುವುದರಿಂದ ತಲುಪಿಸಲಾಗಿಲ್ಲ.