ಮಾಸ್ತರರ ಕಡೀ ಮಾತು

ಹದಿಮೂರು ದಿನದ ಕರ್ಮ ಮುಗಿದು, ನೆಂಟರೆಲ್ಲ ಬಾದಾಮಿ ಸ್ಟೇಶನ್ನಿನಲ್ಲಿ ರೈಲು ಹತ್ತಿದ ಮರುದಿನ ಮುಂಜಾನೆ ಪ್ರೇಮಾಬಾಯಿ ತನ್ನೊಬ್ಬಳಿಗೇ ಚಹಾ ಇಟ್ಟಳು. ಎಷ್ಟು ಸಕ್ಕರೆ ಹಾಕಬೇಕೆಂದು ತಿಳಿಯಲಿಲ್ಲ. ನಾಲ್ಕು ವರ್ಷ ಕೈಗೆ ರೂಢಿಯಾದದ್ದು ಇಬ್ಬರ ಅಳತೆ.

ಅಷ್ಟರಲ್ಲಿ ಪಕ್ಕದ ಮನೆಯ ರುಕ್ಮಿಣೀಬಾಯಿ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. ಆಕೆಯ ಪಿಸುಮಾತೆಂದರೆ ಬಸ್ಸಿನ ಹಾರ್ನು. ಓಣಿಯ ಆ ತುದಿಯವರೂ ಸರಿದು ನಿಲ್ಲಬೇಕು.

"ಪ್ರೇಮಾ, ನಿನ್ನ ಗಂಡ ಕಡೀ ಉಸರಿನ್ಯಾಗ ಏನಂದಾ ಗೊತ್ತದ ಏನು? ಕಿಡಕ್ಯಾಗಿಂದ ನಾನ ಕೇಳೇನಿ. 'ಅಲ್ಲಾ' ಅಂದಾ! ಎರಡು ಸರ್ತೆ! ಬಾಜೂಕ ಆ ಮಹಮ್ಮದ ಮಾಸ್ತರ ಬ್ಯಾರೆ ಕೂತಿದ್ದಾ. ಹೋಗೂ ಹೊತ್ತಿನ್ಯಾಗ ಜಾತಿ ಬಿಟ್ಟಾ ಅಂತ ಓಣಿ ತುಂಬ ಮಾತು."

"ಓಣಿಗೆ ಯಾರು ಹೇಳಿದ್ರು?"

"ನಾನ."

ಅವಳ ಗಂಡ ಮಧುಸೂದನ ಮಾಸ್ತರ ಕೆಮ್ಮಿ ಕೆಮ್ಮಿ ಕೇಳಿದ್ದು ಹಸಿಶುಂಠಿ. ಆ ಸೀಮೆಯಲ್ಲಿ ಅದಕ್ಕೆ ಅಲ್ಲ ಎಂದೇ ಹೆಸರು.

"ಅಕ್ಕಾ, ಅವರು ಕೇಳಿದ್ದು ಕಷಾಯಕ್ಕ ಅಲ್ಲ."

"ಕಷಾಯಕ್ಕಲ್ಲಾ? ಮತ್ತ ಯಾತಕ್ಕ?"

ಪ್ರೇಮಾಬಾಯಿ ಒಲೆಯ ಮೇಲಿನ ಚಹಾ ಇಳಿಸಿದಳು.

ಮಾತು ಹಾಗೇ ಬಿಟ್ಟರೆ ನಡೆಯುವಂತಿರಲಿಲ್ಲ. ಹುಡುಗಿಯರ ಶಾಲೆಯಲ್ಲಿ ಅವಳಿಗೆ ಕೆಲಸ ಕೊಡುವ ಆದೇಶ ಕಮಿಟಿ ಅಧ್ಯಕ್ಷ ಪಂಢರೀನಾಥರಾಯರ ಮೇಜಿನ ಮೇಲಿತ್ತು. ಊರು ಮೈಸೂರು ರಾಜ್ಯಕ್ಕೆ ಸೇರಿ ವರ್ಷವಾದರೂ ಮುಂಬಯಿ ಸರಕಾರದ ಹಳೆಯ ಕಾಗದದ ಮೇಲೇ ಬರೆದದ್ದು. ಅಂದು ಸಹಿ ಬೀಳದಿದ್ದರೆ ಧಾರವಾಡದ ಬಿ.ಎ. ಪದವಿ ಮಡಚಿಟ್ಟು, ಬಾಗಲಕೋಟೆಯಲ್ಲಿ ಅಣ್ಣನ ಹೆಂಡತಿಯ ಒಲೆ ಊದುವುದೊಂದೇ ದಾರಿ.

ಮಧ್ಯಾಹ್ನದ ಹೊತ್ತಿಗೆ ರಾಯರ ಪಡಸಾಲೆಯಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಗಂಡನೊಡನೆ ಒಂದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮಹಮ್ಮದ ಮಾಸ್ತರನನ್ನು ಸಾಕ್ಷಿಗೆ ಕರೆಸಿದ್ದರು.

"ಅಲ್ಲಾ, ಇಂಥಾ ಮನಿಯಾಕಿನ್ನ ಸಾಲಿಗೆ ಹ್ಯಾಂಗ ತಗೋಳೋದು?" ರಾಯರು ಶುರುಮಾಡಿದರು. "ಅಲ್ಲಾ, ಹುಡಿಗ್ಯಾರಿಗೆ ಏನು ಕಲಿಸ್ಯಾಳು? ಅಲ್ಲಾ, ಮಾಸ್ತರ, ನೀವರೆ ಹೇಳ್ರಿ..."

"ಮೂರು ಆತ್ರಿ, ರಾಯರ," ಎಂದ ಮಹಮ್ಮದ ಮಾಸ್ತರ, ಬೆರಳು ಮಡಚುತ್ತ.

"ಏನು ಮೂರು?"

"ನೀವು ಆ ಹೆಸರು ತಗೊಂಡದ್ದು. ನಮಾಜಿನ್ಯಾಗ ನಾನೂ ಇಷ್ಟು ಲಗೂ ಲಗೂ ಅನ್ನಂಗಿಲ್ಲ."

ಪಡಸಾಲೆ ಗೊಳ್ಳೆಂದಿತು. "ಅಲ್ಲಾ, ನಾ..." ಎಂದ ರಾಯರು ನಾಲಿಗೆ ಕಚ್ಚಿಕೊಂಡರು.

"ನಾಕು," ಎಂದಳು ರುಕ್ಮಿಣೀಬಾಯಿ.

ಪ್ರೇಮಾಬಾಯಿ ಎದ್ದು ನಿಂತಳು. "ಕಾಕಾ, ಅವರು ಕೇಳಿದ್ದು ಹಸಿಶುಂಠಿ. ಇನ್ನ ಖರೇನ ಆ ಹೆಸರ ತಗೊಂಡಿದ್ರೂ ಏನಾತು? ಮಾಸ್ತರ, ಆ ಶಬ್ದದ ಅರ್ಥ ಏನ್ರಿ?"

"ದೇವರು ಅಂತ್ರಿ, ಬಾಯಾರ."

"ಅಷ್ಟ?" ಎಂದರು ರಾಯರು. ಮಸೀದಿಯ ಬೆನ್ನಿಗೇ ಮನೆ. ಅರವತ್ತು ವರ್ಷದಲ್ಲಿ ಅವರು ಇದನ್ನು ಯಾರಿಗೂ ಕೇಳಿರಲಿಲ್ಲ.

ಆಮೇಲೆ ಒಬ್ಬೊಬ್ಬರ ಹೊಟ್ಟೆಯಿಂದಲೂ ಪ್ರಶ್ನೆಗಳು ಹೊರಬಿದ್ದವು. ಎಲ್ಲರಿಗಿಂತ ಹೆಚ್ಚು ರುಕ್ಮಿಣೀಬಾಯಿಯವು.

"ರೋಜಾದ ಉಪಾಸದಾಗ ಉಗುಳು ಸುದ್ದಾ ನುಂಗಂಗಿಲ್ಲಂತ, ಖರೆ ಏನ್ರಿ?"

"ನುಂಗತೇವ್ರಿ. ತಿಂಗಳಗಟ್ಟಲೆ ಉಗುಳಕೋತ ಕೂತ್ರ ಲೆಕ್ಕಾ ಯಾವಾಗ ಕಲಸ್ಲಿ?"

ಚಹಾ ಎರಡು ಸಲ ಬಂತು. "ನಮ್ಮ ಮನಿಗೂ ಬರ್ರಿ, ನಮ್ಮಾಕಿ ನಿಮಗ ಇನ್ನೂ ಛಲೋ ಹೇಳ್ತಾಳ," ಎಂದು ಮಹಮ್ಮದ ಮಾಸ್ತರ ರುಕ್ಮಿಣೀಬಾಯಿಯನ್ನು ಕರೆದು ಎದ್ದ. ಬಾಯಿಬಿಟ್ಟರೆ ಐದನೆಯದು ಬಿದ್ದೀತೆಂದು ರಾಯರು ತುಟಿ ಬಿಗಿದು ಆದೇಶಕ್ಕೆ ಸಹಿ ಹಾಕಿದರು.

ಸಂಜೆ ಅಡಿಗೆಮನೆಯ ಮೂಲೆಯಲ್ಲಿ ಹಿತ್ತಾಳೆಯ ಖಲಬತ್ತ ಕಂಡಿತು. ಕಷಾಯದ ಶುಂಠಿ ಜಜ್ಜಲು ಗಂಡ ಮಹಮ್ಮದ ಮಾಸ್ತರನ ಮನೆಯಿಂದ ಕಡ ತಂದದ್ದು. ತಳದಲ್ಲಿ ಒಣಗಿದ ನಾರು ಅಂಟಿತ್ತು. ಪ್ರೇಮಾಬಾಯಿ ತೊಳೆದಳು. ವಾಸನೆ ಹೋಗಲಿಲ್ಲ. ಎರಡನೆಯ ಸಲ ತೊಳೆಯಲಿಲ್ಲ.

ಅದನ್ನು ಮರಳಿ ಕೊಡಲು ಹೋದರೆ, ಮಹಮ್ಮದ ಮಾಸ್ತರನ ಅಂಗಳದ ತುಂಬ ಹಿರಿಯರು ಮುಖ ಬಿಗಿದು ಕೂತಿದ್ದರು. ಅವನ ಹೆಂಡತಿ ಗುಲಾಬಬಿ ಓಡಿಬಂದಳು.

"ಛಲೋ ಹೊತ್ತಿಗೆ ಬಂದ್ರಿ, ಬಾಯಾರ! ನಿಮ್ಮ ಮಾಸ್ತರ ಜೀವಾ ಬಿಟ್ಟ ಕೂಡ್ಲೆ ನಮ್ಮವ್ರು 'ಅಯ್ಯೋ ರಾಮಾ!' ಅಂದ್ರಂತ. ದೀನ-ಧರ್ಮ ಬಿಟ್ಟಾರಂತ ಜಮಾತಿನವರು ಪಂಚಾಯ್ತಿ ಕೂಡ್ಯಾರ. ನೀವ ಸಾಕ್ಷಿ ಹೇಳಬೇಕ್ರಿ."

"ಇವರಿಗೆ ಯಾರು ಹೇಳಿದ್ರು?"

"ರುಕ್ಮಿಣೀಬಾಯಾರು. ಪಾಪ, ಕರದ ಕೂಡ್ಲೆ ಬಂದಾರ. ಒಳಗ ಚಹಾ ಕುಡ್ಯಾಕತ್ತಾರ."

ಪ್ರೇಮಾಬಾಯಿ ಖಲಬತ್ತವನ್ನು ಗುಲಾಬಬಿಯ ಕೈಗಿಟ್ಟು, ಚಪ್ಪಲಿ ಕಳೆದು, ಆ ದಿನದ ಎರಡನೆಯ ಪಂಚಾಯ್ತಿಯ ನಡುವೆ ಹೋಗಿ ಕೂತಳು.